32 ಮಿಲಿಮೀಟರ್ ಮಲೆನಾಡು

ಕಳೆದ ವರ್ಷ ಜೂನ್‌ನಲ್ಲಿ ಕೊಪ್ಪದ ಮನೆಗೆ ನನ್ನ ಹೆಸರಿಗೊಂದು ಪಾರ್ಸೆಲ್ ಬಂತು. ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಅಮ್ಮನೇ ಬಿಚ್ಚಿ ನೋಡಿ ಬಾಗಿಲ ಹತ್ತಿರ ಬಂದು ನಿಂತರು.

"ಕೈ ಬೇರೆ, ಕಾಲು ಬೇರೆ, ತಲೆ ಬೇರೆ ಬಂದಿದೆ ಕಣೋ. ದಾರೀಲೇ ಒಡೆದು ಹೋಗಿದೆ. ವಾಪಸ್ ಕಳಿಸು."

ಒಡೆದಿರಲಿಲ್ಲ. ಅದು ಬರೋದೇ ಹಾಗೆ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಕೈಕಾಲುಗಳನ್ನು ಕತ್ತರಿಸಿ, ಉಜ್ಜಿ, ಜೋಡಿಸಿ ಅಂಟಿಸಿದರೆ ಹತ್ತು ಜನ ಸೈನಿಕರು. ಒಬ್ಬೊಬ್ಬನ ಎತ್ತರ ಸುಮಾರು 28 ಮಿಲಿಮೀಟರ್. ಆಮೇಲೆ ಅವರಿಗೆ ಬಣ್ಣ ಹಚ್ಚಬೇಕು, ಕಾಲಡಿಗೆ ನೆಲ ಮಾಡಬೇಕು, ಮೇಜಿನ ಮೇಲೆ ನಿಲ್ಲಿಸಿ ದಾಳ ಉರುಳಿಸಿ ಯುದ್ಧ ಆಡಬೇಕು. ಇದು ನನ್ನ ಹವ್ಯಾಸ. ಮೂವತ್ತರ ಗಂಡಸು ಬೊಂಬೆಗೆ ಬಣ್ಣ ಹಚ್ಚುತ್ತಾ ಕೂತಿದಾನೆ ಅಂತ ನೆಂಟರು ನಗುತ್ತಾರೆ. ನಗಲಿ ಬಿಡಿ. ದಿನಕ್ಕೆ ಒಂಬತ್ತು ಗಂಟೆ ಸ್ಕ್ರೀನ್ ನೋಡೋ ಕಣ್ಣಿಗೆ, ಅನ್‌ಡೂ ಬಟನ್ ಇಲ್ಲದ ಒಂದು ಕೆಲಸ ಬೇಕಾಗುತ್ತೆ.

ಸೈನ್ಯವನ್ನು ಮೇಜಿನ ಮೇಲೆ ಇಳಿಸೋದು ನಮಗೇನೂ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳು ಸೇರಿದ ಚತುರಂಗ ಅದೇ ತಾನೇ? 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿಗಳು ನಕ್ಷೆಯ ಮೇಲೆ ತುಂಡುಗಳನ್ನಿಟ್ಟು ಯುದ್ಧದ ತರಬೇತಿ ಶುರು ಮಾಡಿದರು. ಅದರ ಹೆಸರು ಕ್ರೀಗ್‌ಸ್ಪೀಲ್. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ 'ಲಿಟಲ್ ವಾರ್ಸ್' ಅನ್ನೋ ಪುಸ್ತಕದಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದರು. 1983ರಲ್ಲಿ ಇಂಗ್ಲೆಂಡಿನಲ್ಲಿ ವಾರ್‌ಹ್ಯಾಮರ್ ಬಂತು, 1987ರಲ್ಲಿ ಅದರ ಬಾಹ್ಯಾಕಾಶದ ರೂಪವಾದ ವಾರ್‌ಹ್ಯಾಮರ್ 40,000. ನಾನು ಬೆಂಗಳೂರಿನಲ್ಲಿ ಗೆಳೆಯರ ಜೊತೆ ಆಡೋದು ಇದನ್ನೇ. ಆದರೆ ನಿಜ ಹೇಳ್ತೀನಿ, ನಾನು ಆಡಿದ್ದಕ್ಕಿಂತ ಬಣ್ಣ ಹಚ್ಚಿದ್ದೇ ಹೆಚ್ಚು.

ತಿಂಗಳಲ್ಲಿ ಎರಡು ವಾರ ಊರಿಂದ ಕೆಲಸ. ಹಾಗಾಗಿ ಬಣ್ಣದ ಡಬ್ಬಿಯೂ ನನ್ನ ಜೊತೆ ಬಸ್ಸಲ್ಲಿ ಓಡಾಡುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಈ ಹವ್ಯಾಸ ಇಟ್ಟುಕೊಂಡವರು ಯಾವ ತಪ್ಪು ಮಾಡಬಾರದು ಅಂತ ನನ್ನಿಂದ ಕಲಿಯಿರಿ.

ಮೊದಲನೇ ತಪ್ಪು ಪ್ರೈಮರ್. ಬಣ್ಣ ಪ್ಲಾಸ್ಟಿಕ್‌ಗೆ ಹಿಡಿದುಕೊಳ್ಳಬೇಕಾದರೆ ಮೊದಲು ಒಂದು ಪದರ ಪ್ರೈಮರ್ ಬೇಕು. ಬೆಂಗಳೂರಲ್ಲಿ ತಾರಸಿಗೆ ಹೋಗಿ ಸ್ಪ್ರೇ ಹೊಡೆದರೆ ಹತ್ತು ನಿಮಿಷದ ಕೆಲಸ. ಕೊಪ್ಪದಲ್ಲಿ ಜಗುಲಿಯಲ್ಲಿ ನಿಂತು ಅದನ್ನೇ ಮಾಡಿದೆ. ಅಂಗಳದಲ್ಲಿ ಧೋ ಅಂತ ಮಳೆ. ಗಾಳಿಯ ತೇವಕ್ಕೆ ಸ್ಪ್ರೇ ನಯವಾಗಿ ಕೂರಲೇ ಇಲ್ಲ. ಹತ್ತೂ ಜನರ ಮುಖದ ಮೇಲೆ ರವೆ ಉದುರಿಸಿದ ಹಾಗಾಯ್ತು. ಎಲ್ಲವನ್ನೂ ತೊಳೆದು ಮತ್ತೆ ಶುರು ಮಾಡಿದೆ. ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಸ್ಪ್ರೇ ಮುಟ್ಟಲ್ಲ. ಕುಂಚದಲ್ಲಿ ಹಚ್ಚುವ ಪ್ರೈಮರ್ ಸಿಗುತ್ತೆ, ನಿಧಾನ, ಆದರೆ ಕೈ ಕೊಡಲ್ಲ.

ಎರಡನೇ ತಪ್ಪು, ಬೇಗ ಒಣಗಲಿ ಅಂತ ಬಚ್ಚಲ ಒಲೆಯ ಪಕ್ಕ ಇಟ್ಟಿದ್ದು. ಒಬ್ಬನ ಈಟಿ ಹಲಸಿನ ಹಪ್ಪಳದ ಹಾಗೆ ಬಾಗಿತು. ಅವನನ್ನು ಹಾಗೇ ಇಟ್ಟುಕೊಂಡಿದ್ದೀನಿ.

ಮೂರನೇ ತಪ್ಪನ್ನು ತಿದ್ದಿದ್ದು ಅಪ್ಪ. ಅವರು ಅದುವರೆಗೆ ನನ್ನ ಮೇಜಿನ ಹತ್ತಿರ ಬಂದವರೇ ಅಲ್ಲ. ಅವತ್ತು ಅಂಗಳದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ತಯಾರಾಗ್ತಿತ್ತು. ಅಡಿಕೆ ಬೆಳೆಯುವವರಿಗೆ ಈ ಲೆಕ್ಕ ಬಾಯಿಪಾಠ: ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಉಜ್ಜಿ ಹೊಳಪು ಮಾಡಿದ ಚಾಕುವನ್ನು ಅದರಲ್ಲಿ ಅದ್ದಿ ನೋಡ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಅಪ್ಪನಿಗೆ ಇದು ಐವತ್ತನೇ ಮಳೆಗಾಲವೋ ಏನೋ, ಆದರೂ ಪ್ರತಿ ಸಲ ಚಾಕು ಅದ್ದುತ್ತಾರೆ.

ಕೈ ತೊಳೆದು ಒಳಗೆ ಬಂದವರು ನನ್ನ ಸೈನಿಕನೊಬ್ಬನನ್ನು ಎತ್ತಿ ಬೆಳಕಿಗೆ ಹಿಡಿದರು. ಕೆಂಪು ಬಣ್ಣ ಕವಚದ ಸಂದಿಯಲ್ಲೆಲ್ಲ ಮೆತ್ತಿಕೊಂಡಿತ್ತು.

"ಗಟ್ಟಿ ಮಾಡಿದ್ರೆ ಜಾಸ್ತಿ ಹಿಡಿಯುತ್ತೆ ಅಂದ್ಕೊಂಡಿದೀಯಾ? ಗೊನೆ ಮೇಲೆ ಔಷಧಿ ತೆಳ್ಳಗೆ, ಎಲ್ಲಾ ಕಡೆ ಕೂರಬೇಕು. ಇಲ್ದಿದ್ರೆ ಒಂದೂವರೆ ತಿಂಗಳು ಬಿಟ್ಟು ಇನ್ನೊಂದ್ಸಲ ಹೊಡೆಯೋದು ಯಾಕೆ?"

ನಮ್ಮ ಹವ್ಯಾಸದ ಮೊದಲ ಪಾಠವೇ ಇದು: ಬಣ್ಣಕ್ಕೆ ನೀರು ಬೆರೆಸಿ, ಒಂದು ದಪ್ಪ ಪದರದ ಬದಲು ಎರಡು ತೆಳು ಪದರ. ನೂರು ಸಲ ಯೂಟ್ಯೂಬಲ್ಲಿ ಕೇಳಿದ್ದೆ. ತಲೆಗೆ ಹೋಗಿದ್ದು ಅವತ್ತು. ಈಗ ಹಳೇ ಟಿಫಿನ್ ಬಾಕ್ಸಿನಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಬೆಂಗಳೂರಲ್ಲಿ ಬಣ್ಣ ಒಣಗದೆ ಉಳಿಯೋಕೆ ಇದು ಬೇಕೇ ಬೇಕು. ಕೊಪ್ಪದಲ್ಲಿ ಮೂರು ದಿನ ಮುಚ್ಚಿಟ್ಟರೆ ಬೂಷ್ಟು ಬರುತ್ತೆ, ನೆನಪಿರಲಿ.

ಇನ್ನು ನೆಲದ ವಿಷಯ. ಪ್ರತಿ ಸೈನಿಕನ ಕಾಲಡಿಗೆ ಒಂದು ದುಂಡನೆ ಬಿಲ್ಲೆ ಇರುತ್ತೆ. ನನ್ನವರದ್ದು 32 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದಕ್ಕೆ ಮಣ್ಣು, ಕಲ್ಲು, ಹುಲ್ಲು ಅಂಟಿಸಿ ಜಾಗ ಮಾಡೋದಕ್ಕೆ ಬೇಸಿಂಗ್ ಅಂತಾರೆ. ದಸರಾ ಬೊಂಬೆ ಮುಂದೆ ಮಣ್ಣು ಹರಡಿ, ರಾಗಿ ಮೊಳಕೆ ಬರಿಸಿ ಮಕ್ಕಳು ಪಾರ್ಕ್ ಮಾಡ್ತಾರಲ್ಲ, ಅದೇ ಕೆಲಸ. ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿ, ಬರೀ ಕಪ್ಪು ಬಿಲ್ಲೆ ಮೇಲೆ ನಿಂತವನು ಅಂಗಡಿಯ ಸಾಮಾನು. ಕಾಲಡಿಗೆ ನೆಲ ಬಂದ ಮೇಲೆ ಅವನು ಎಲ್ಲಿಯವನೋ ಆಗ್ತಾನೆ.

ಐದು ವರ್ಷ ನಾನು ಡಬ್ಬಿಯಲ್ಲಿ ಬರುವ ಯುರೋಪಿನ ಕೆಸರು, ಯುರೋಪಿನ ಹುಲ್ಲು ಅಂಟಿಸಿದೆ. ಈ ಏಪ್ರಿಲ್‌ನಲ್ಲಿ ಆ ಡಬ್ಬಿ ಖಾಲಿಯಾಯ್ತು. ಹೊಸದು ತರಿಸೋ ಮುಂಚೆ ಒಮ್ಮೆ ಹೊರಗೆ ನೋಡಿದೆ.

ಕೊಪ್ಪದಲ್ಲಿ ಮನೆ ಹಿಂದಿನ ಧರೆಯ ಕೆಂಪು ಮಣ್ಣು. ಜರಡಿ ಹಿಡಿದರೆ ಪುಡಿ ನೆಲಕ್ಕಾಯ್ತು, ಸಣ್ಣ ಜಂಬಿಟ್ಟಿಗೆ ಚೂರುಗಳು ಬಂಡೆಗಾಯ್ತು. ಶೃಂಗೇರಿಯಲ್ಲಿ ತುಂಗೆಯ ದಡದ ಗೆಳೆಯನ ತೋಟದಿಂದ ಒಂದು ಮುಷ್ಟಿ ನಯವಾದ ಮರಳು. ಅಲ್ಲಿಗೆ ಹೋದವನು ವಿದ್ಯಾಶಂಕರ ದೇವಸ್ಥಾನದ ಹೊರಗೋಡೆ ಮುಂದೆ ಅರ್ಧ ಗಂಟೆ ನಿಂತೆ. ಚಿಕ್ಕಂದಿನಿಂದ ಹನ್ನೆರಡು ರಾಶಿ ಕಂಬ ಎಣಿಸಿದ್ದೇ ಎಣಿಸಿದ್ದು, ಕಲ್ಲಿನ ಬಣ್ಣ ನೋಡಿರಲಿಲ್ಲ. ಕಲ್ಲು ಅಂದರೆ ಬೂದು ಅಂದ್ಕೊಂಡಿದ್ದೆ. ಆದರೆ ನೀರು ಇಳಿಯುವ ಕಡೆ ಕಪ್ಪು, ನೆರಳಿನ ಕಡೆ ಹಸಿರು, ಕೈ ತಾಗುವ ಎತ್ತರದಲ್ಲಿ ಎಣ್ಣೆಗೆಂಪು. ಈಗ ನನ್ನ ಬಂಡೆಗಳಿಗೆ ಬೂದಿಯ ಮೇಲೆ ಈ ಮೂರು ಬಣ್ಣದ ತೆಳು ನೀರು ಬೀಳುತ್ತೆ.

ನರಸಿಂಹರಾಜಪುರದಲ್ಲಿ ಅತ್ತೆ ಮನೆಯಿಂದ ನಡೆದುಹೋದರೆ ಭದ್ರಾ ಹಿನ್ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಮೇಲೆ ಕೆಸರು ಬಿಲ್ಲೆ ಬಿಲ್ಲೆಯಾಗಿ ಬಿರುಕು ಬಿಟ್ಟಿರುತ್ತೆ. ಒಂದು ಚೂರನ್ನು ಪೇಪರಲ್ಲಿ ಸುತ್ತಿ ತಂದೆ. "ಮಣ್ಣು ಹೊತ್ಕೊಂಡು ಹೋಗ್ತಾನಲ್ಲ ಇವನು" ಅಂತ ಅತ್ತೆ ಅಮ್ಮನಿಗೆ ಫೋನ್ ಮಾಡಿದರು.

ಕೆಲಸದ ಕ್ರಮ ಹೇಳ್ತೀನಿ. ಮರಳು, ಮಣ್ಣನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಆರಿಸಿ, ಇಲ್ಲದಿದ್ದರೆ ಹುಳು, ಬೂಷ್ಟು ಗ್ಯಾರಂಟಿ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಬಿಲ್ಲೆಗೆ ಹಚ್ಚಿ, ಮೊದಲು ದೊಡ್ಡ ಕಲ್ಲು, ಆಮೇಲೆ ಮರಳು. ಒಂದು ರಾತ್ರಿ ಬಿಡಿ. ಕಂದು ಬಣ್ಣ ಹಚ್ಚಿ. ಅದರ ಮೇಲೆ ತೀರಾ ತೆಳುವಾದ ಗಾಢ ಬಣ್ಣ ಹರಿಸಿದರೆ ಸಂದಿಗಳಲ್ಲಿ ನೆರಳು ನಿಲ್ಲುತ್ತೆ. ಇದಕ್ಕೆ ವಾಶ್ ಅಂತಾರೆ. ಕೊನೆಗೆ ಕುಂಚದಲ್ಲಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಚೂರನ್ನು ಉಬ್ಬುಗಳ ಮೇಲೆ ಮೃದುವಾಗಿ ಸವರಿ. ಹುಲ್ಲಿಗೆ ಅಡಿಕೆ ಸಿಪ್ಪೆಯ ನಾರು ಸಾಕು. ಸಣ್ಣ ವಾಶ್ ಬಾಟಲಿಗೆ ನೂರಾರು ರೂಪಾಯಿ ಕೊಡ್ತಿದ್ದವನಿಗೆ ಅಮ್ಮ ತೋರಿಸಿದ್ದು ಅಡಿಕೆ ಬೇಯಿಸಿದ ಚೊಗರು. ನೀರು ಬೆರೆಸಿ ಮರಳಿನ ಮೇಲೆ ಹರಿಸಿದೆ, ನಮ್ಮ ಮಣ್ಣಿನದೇ ಕೆಂಪು! ನಮ್ಮಲ್ಲಿ ವಾಶ್ ಲೀಟರ್ ಲೆಕ್ಕದಲ್ಲಿ ಸಿಗುತ್ತೆ. ಮೇಲೆ ವಾರ್ನಿಷ್ ಮಾತ್ರ ಮರೀಬೇಡಿ.

ಇಷ್ಟಾದ ಮೇಲೆ ಆಸೆ ಹೆಚ್ಚಾಯ್ತು. ಸೈನಿಕರು ನಿಲ್ಲೋಕೆ ಒಂದು ಅಡಿಕೆ ತೋಟವನ್ನೇ ಮಾಡೋಣ ಅನ್ನಿಸಿತು. 28 ಮಿಲಿಮೀಟರ್ ಮನುಷ್ಯನ ಲೆಕ್ಕದಲ್ಲಿ ಐವತ್ತು ಅಡಿ ಅಡಿಕೆ ಮರ ಅಂದರೆ ಸುಮಾರು 25 ಸೆಂಟಿಮೀಟರ್. ಕಾಂಡಕ್ಕೆ ಬಿದಿರು ಕಡ್ಡಿ, ಸೋಗೆಗೆ ಕತ್ತರಿಸಿದ ಕಾಗದ. ಒಂಬತ್ತು ಮರ. ಎಲ್ಲಕ್ಕೂ ಒಳ್ಳೇ ಹಸಿರು ಹಚ್ಚಿ ಊಟದ ಮೇಜಿನ ಮೇಲಿಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕಾಂಡದ ಉಂಗುರ ಎಣಿಸಿದರು. ಆಮೇಲೆ, "ಚೆನ್ನಾಗಿದೆ. ಆದ್ರೆ ಇದು ನಮ್ ತೋಟ ಅಲ್ಲ" ಅಂದರು.

"ಯಾಕಪ್ಪಾ?"

"ಇಷ್ಟು ಹಸಿರು ಎಲ್ಲಿದೆ?"

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನ ಹೆಸರನ್ನು ನೀವು ಒಟ್ಟಿಗೆ ಕೇಳಿದ್ದರೆ ಬಹುಶಃ ಹಳದಿ ಎಲೆ ರೋಗದ ಸುದ್ದಿಯಲ್ಲೇ ಕೇಳಿರ್ತೀರಿ. ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಾಣುವಿಂದ ಬರುತ್ತೆ, ಒಂದು ಸಣ್ಣ ಜಿಗಿಹುಳು ಹರಡುತ್ತೆ. ಗುಣ ಮಾಡುವ ಔಷಧಿ ಇಲ್ಲ. ಮರ ಒಮ್ಮೆಲೇ ಸಾಯಲ್ಲ. ವರ್ಷ ವರ್ಷ ಮಂಡೆ ಸಣ್ಣದಾಗ್ತಾ ಹೋಗುತ್ತೆ, ಅಡಿಕೆ ಒಳಗೆ ಕಪ್ಪಾಗಿ ಬೆಂಡಾಗುತ್ತೆ. ನಮ್ಮ ತೋಟಕ್ಕೆ ಬಂದು ಸುಮಾರು ವರ್ಷವೇ ಆಯ್ತು. ಈ ವಿಷಯ ನನಗೆ ಗೊತ್ತಿತ್ತು, ಆದರೆ ಫೋನಿನಲ್ಲಿ ಗೊತ್ತಿತ್ತು. "ಈ ವರ್ಷ ಎಷ್ಟು ಕ್ವಿಂಟಾಲ್ ಅಪ್ಪಾ?" "ಕಮ್ಮಿ." ಅಷ್ಟೇ. ನನಗೆ ಅದೊಂದು ಇಳಿಯುತ್ತಿರುವ ಸಂಖ್ಯೆ.

ಮರುದಿನ ಬೆಳಿಗ್ಗೆ ಲಾಗಿನ್ ಆಗೋ ಮುಂಚೆ ಅಪ್ಪ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಬಣ್ಣದ ಪುಸ್ತಕ ಓದಿಸೋ ಹಾಗೆ ಒಂದೊಂದೇ ತೋರಿಸಿದರು. ಮೊದಲು ಕೆಳಗಿನ ಎರಡು ಮೂರು ಸೋಗೆ. ಎಲೆಯ ತುದಿಯಿಂದ ಹಳದಿ ಶುರು, ನಡು ನರದ ಪಕ್ಕ ಇನ್ನೂ ಹಸಿರು. ಅದರ ಮೇಲಿನ ಸೋಗೆಗೆ ಈಗಷ್ಟೇ ತುದಿ ತಾಗಿದೆ. ಸುಳಿ ಹಸಿರು. ಬಿಸಿಲಿಗೆ ಒಣಗಿದ ಹಳದಿಯೇ ಬೇರೆ, ಇದೇ ಬೇರೆ. ಎಲೆಚುಕ್ಕಿ ರೋಗದ ಕಂದು ಚುಕ್ಕಿ ಮತ್ತೂ ಬೇರೆ. ಸೈನಿಕನ ಕೆನ್ನೆಗೆ ಐದು ಛಾಯೆ ಹಚ್ಚುವ ನಾನು, ನಾನು ಓದೋಕೆ ಫೀಸ್ ಕಟ್ಟಿದ ಮರದ ಎಲೆಯನ್ನು ಹೀಗೆ ನೋಡಿದ್ದು ಅವತ್ತೇ ಮೊದಲು.

ಕೊನೆಗೆ ಹಳ್ಳದ ಮೂಲೆಯಲ್ಲಿ ನಿಂತರು. ಸುತ್ತ ಎಲ್ಲ ಹಳದಿ, ಮಧ್ಯೆ ಒಂದು ಮರ ಪೂರ್ತಿ ಹಸಿರು. "ಇದನ್ನೂ ಹಾಕು" ಅಂದರು. ರೋಗ ತುಂಬಿದ ತೋಟದಲ್ಲೂ ಹೀಗೆ ಚೆನ್ನಾಗಿ ಉಳಿದ ಮರಗಳನ್ನು ಹುಡುಕಿ, ಅವುಗಳಿಂದ ರೋಗ ತಡೆಯುವ ತಳಿ ಸಿಗುತ್ತಾ ಅಂತ ವಿಜ್ಞಾನಿಗಳು ಪ್ರಯತ್ನ ಮಾಡ್ತಿದ್ದಾರೆ. ಅಪ್ಪ ಆ ಮರದ ಗೋಟು ಆರಿಸಿಟ್ಟು ಸಸಿ ಮಾಡಿದ್ದಾರೆ. ಆ ಸಸಿಗಳಿಗೆ ರೋಗ ಬರಲ್ಲ ಅಂತ ಖಾತ್ರಿ ಏನಿಲ್ಲ. ಫಸಲು ಬರೋಕೇ ಐದಾರು ವರ್ಷ ಬೇಕು.

ಎರಡು ಸಂಜೆ ಕೂತು ಎಂಟು ಮರಕ್ಕೆ ಮತ್ತೆ ಬಣ್ಣ ಹಚ್ಚಿದೆ, ತುದಿಯಿಂದ ಒಳಕ್ಕೆ, ತೆಳುವಾಗಿ, ಎರಡು ಪದರ. ಒಂಬತ್ತನೆಯದು ಹಾಗೇ ಇದೆ. ಈಗ ಆ ತೋಟ ನಮ್ಮನೆ ಟಿವಿ ಪಕ್ಕದಲ್ಲಿದೆ. ಬಂದವರಿಗೆ ಅಪ್ಪ ಕಡ್ಡಿ ಹಿಡಿದು ರೋಗ ವಿವರಿಸ್ತಾರೆ. ಅದರಲ್ಲಿ ಸೈನಿಕರು ಯಾಕಿದ್ದಾರೆ ಅಂತ ಯಾರಾದ್ರೂ ಕೇಳಿದರೆ ಮಾತ್ರ ನನ್ನ ಕಡೆ ಕೈ ತೋರಿಸ್ತಾರೆ.

ಹತ್ತರಲ್ಲಿ ಆರು ಜನ ಸೈನಿಕರಿಗೆ ಇನ್ನೂ ಬಣ್ಣ ಆಗಿಲ್ಲ. ನಿನ್ನೆ ಅಪ್ಪ ಫೋನ್ ಮಾಡಿದ್ದರು. ಹಳ್ಳದ ಮೂಲೆಯ ಸಸಿ ಎರಡೆಲೆ ಬಿಟ್ಟಿದೆಯಂತೆ. ಅದನ್ನೂ ಮಾಡಬೇಕಂತೆ. ಲೆಕ್ಕ ಹಾಕಿದೆ, ಒಂದಡಿ ಸಸಿ ಅಂದರೆ ನನ್ನ ಅಳತೆಯಲ್ಲಿ ಐದು ಮಿಲಿಮೀಟರ್. ಸಣ್ಣ ಕುಂಚ ಹುಡುಕಬೇಕು.