ಬುಟ್ಟಿಯಿಂದ ಬಿಡಿಸಿದ ನಾಗಪ್ಪನನ್ನು ಬಿಡೋದು ಎಲ್ಲಿಗೆ?

ರಾಯಚೂರು: ಪಂಚಮಿ ಹತ್ತಿರ ಬಂತೆಂದರೆ ಅಂಗಡಿ ಮುಂದೆ ಬಿದಿರಿನ ಬುಟ್ಟಿ ಇಳಿಯುತ್ತದೆ. "ನಾಗಪ್ಪ ಬಂದಾನ್ರಿ, ಹಾಲಿಗೆ ಏನಾರ ಕೊಡ್ರಿ" ಎಂಬ ಮಾತಿಗೆ ಗಲ್ಲಾದಿಂದ ಹತ್ತೋ ಇಪ್ಪತ್ತೋ ಹೋಗುತ್ತದೆ. ತೀನ್ ಕಂದೀಲ್ ಇರಲಿ, ದೇವದುರ್ಗ, ಮಾನ್ವಿ ಬಜಾರ್ ಇರಲಿ, ಯಾರೂ ಅದನ್ನು ತಪ್ಪು ಅಂತ ತಿಳಿದಿಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಅಪರಾಧದ ಬುಟ್ಟಿ. ಅದರೊಳಗಿನ ಹಾವು ಬಹುತೇಕ ಅರೆಜೀವ.

ಹಾಲಲ್ಲ, ಬಾಯಾರಿಕೆ

ಹಾವು ಮಾಂಸಾಹಾರಿ. ಇಲಿ, ಕಪ್ಪೆ ಅದರ ಊಟ. ಹಾಲು ಅದಕ್ಕೆ ಜೀರ್ಣವಾಗುವುದಿಲ್ಲ. ಪಂಚಮಿಗೆ ವಾರಗಟ್ಟಲೆ ಮೊದಲೇ ಹಿಡಿದು, ನೀರು–ಆಹಾರ ಕೊಡದೆ ಇಟ್ಟ ಹಾವು ಬಾಯಾರಿಕೆ ತಾಳದೆ ಮುಂದಿಟ್ಟದ್ದನ್ನು ಕುಡಿಯುತ್ತದೆ. ನೋಡುವವರಿಗೆ ಅದು ಪವಾಡದಂತೆ ಕಾಣುತ್ತದೆ.

ಹಲ್ಲು ಕಿತ್ತ ಗಾಯ ಕೀವು ಕಟ್ಟುತ್ತದೆ, ಹಾವಿಗೆ ಬೇಟೆ ಹಿಡಿಯಲು ಆಗುವುದಿಲ್ಲ. ಇನ್ನೊಂದು ಮಾತನ್ನು ಅಂಗಡಿಕಾರರು ಗಮನಿಸಬೇಕು. ನಾಗರಹಾವಿನ ವಿಷದಹಲ್ಲು ಕಿತ್ತರೂ ಕೆಲವೇ ವಾರಗಳಲ್ಲಿ ಮತ್ತೆ ಹುಟ್ಟುತ್ತದೆ. "ಹಲ್ಲಿಲ್ರಿ, ಏನೂ ಮಾಡಂಗಿಲ್ಲ" ಎಂಬ ಭರವಸೆ ನಂಬಿ ಮಕ್ಕಳನ್ನು ಬುಟ್ಟಿ ಹತ್ತಿರ ಬಿಡುವುದು ಅಪಾಯ.

'ಸಾಕುಹಾವು' ಅನ್ನೋದೇ ಇಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾಗರಹಾವು, ಕೇರೆಹಾವು, ಕೊಳಕುಮಂಡಲ ಈಗ ಹೆಬ್ಬಾವಿನ ಜೊತೆ ಒಂದನೇ ಅನುಸೂಚಿಯಲ್ಲಿವೆ. ಇವುಗಳನ್ನು ಹಿಡಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ.

'ಎರಡು ತಲೆ ಹಾವು' ಎಂದು ಕರೆಯುವ ಮಣ್ಣುಮುಕ್ಕ ಹಾವಿಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಬಾಲ ಮೊಂಡಾಗಿರುವುದರಿಂದ ಎರಡು ತಲೆಯಂತೆ ಕಾಣುತ್ತದೆ, ಅಷ್ಟೇ. ಅದು ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆಂದು ಡ್ರಮ್ಮಿನಲ್ಲಿಟ್ಟು ಗಿರಾಕಿಗೆ ಕಾಯುವವರಿಗೆ ಕೊನೆಗೆ ಬರುವುದು ಕೇಸು. ಹೊಲದಲ್ಲಿ ಬಿಟ್ಟಿದ್ದರೆ ಅದೇ ಹಾವು ಇಲಿ ತಿಂದು ಬೆಳೆ ಉಳಿಸುತ್ತಿತ್ತು.

ವಿದೇಶಿ ಹಾವುಗಳ ಶೋಕಿಯೂ ರಾಜ್ಯಕ್ಕೆ ಕಾಲಿಟ್ಟಿದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ ಸಿಕ್ಕವು. 2024ರ ಏಪ್ರಿಲ್‌ನಲ್ಲಿ 10 ಹಳದಿ ಅನಕೊಂಡ ಸಿಕ್ಕವು. 2024ರ ನಿಯಮದ ಪ್ರಕಾರ ಬಾಲ್ ಪೈಥಾನ್‌ನಂಥ ಜೀವಿಗಳನ್ನು ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಬಿಡಿಸಿದ ಮೇಲಿನ ಕಷ್ಟ

ಬುಟ್ಟಿ ಕಸಿದುಕೊಂಡು ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಮನೆಗೆ ನುಗ್ಗಿದ ಹಾವನ್ನು ಹಿಡಿದು ಹತ್ತಿರದಲ್ಲೇ ಬಿಡಬಹುದು. ಬುಟ್ಟಿಯ ಹಾವು ಯಾವ ಊರಿನ ಹುತ್ತದ್ದೋ ತಿಳಿಯದು. ಬಾಯಿಗೆ ಗಾಯವಾದ ಹಾವನ್ನು ಹಳ್ಳದ ದಂಡೆಗೆ ಬಿಟ್ಟರೆ ಬುಟ್ಟಿಯಲ್ಲಿ ಸಾಯುವುದು ಬಯಲಲ್ಲಿ ಸಾಯುತ್ತದೆ. ಅದಕ್ಕೆ ವಾರಗಟ್ಟಲೆ ಔಷಧಿ, ನೀರು, ಆಹಾರ ಬೇಕು. ವಿಷಗ್ರಂಥಿಯೇ ಹಾಳಾಗಿದ್ದರೆ ಕಾಡಿಗೆ ಬಿಡಬೇಕೋ, ಕೊನೆವರೆಗೆ ಸಾಕಬೇಕೋ ಎಂಬುದನ್ನು ಪಶುವೈದ್ಯರು ನೋಡಿ ಹೇಳಬೇಕು.

ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಇಲ್ಲಿಂದ ಸುಮಾರು 400 ಕಿ.ಮೀ. ದೂರ. ಅಷ್ಟು ದೂರದ ಪ್ರಯಾಣವೇ ಬಳಲಿದ ಹಾವಿಗೆ ಕಂಟಕ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳ ಒಬ್ಬೊಬ್ಬ ವೈದ್ಯರಿಗಾದರೂ ಅಲ್ಲಿಂದ ತರಬೇತಿ ಕೊಡಿಸಿ, ಶ್ರಾವಣಕ್ಕೆ ಮೊದಲೇ ಅರಣ್ಯ ಇಲಾಖೆ ಒಂದು ತಾತ್ಕಾಲಿಕ ಆರೈಕೆ ಕೊಠಡಿ ಸಜ್ಜು ಮಾಡಿದರೆ ಇದು ದೊಡ್ಡ ಖರ್ಚಿನ ಬಾಬತ್ತಲ್ಲ.

ಹಾವಾಡಿಗರ ಹೊಟ್ಟೆಪಾಡನ್ನೂ ಮರೆಯುವಂತಿಲ್ಲ. ತಮಿಳುನಾಡಿನಲ್ಲಿ ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ ಇರುಳರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ, ವಿಷ ತೆಗೆದು ಮತ್ತೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಡಿತದ ಔಷಧಿ ತಯಾರಾಗುತ್ತದೆ. ಬುಟ್ಟಿ ಕಸಿದು ಕೈ ತೊಳೆದುಕೊಳ್ಳುವುದಷ್ಟೇ ದಾರಿಯಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅಂಗಡಿಕಾರರು ಏನು ಮಾಡಬಹುದು?

• ಬುಟ್ಟಿಗೆ ರೊಕ್ಕ ಹಾಕಬೇಡಿ. ರೊಕ್ಕ ನಿಂತರೆ ಹಾವು ಹಿಡಿಯುವುದೂ ನಿಲ್ಲುತ್ತದೆ.
• ಹಾವನ್ನು ನೀವೇ ಕಸಿಯಬೇಡಿ, ಮುಟ್ಟಬೇಡಿ. ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಕರೆ ಮಾಡಿ.
• ಯಾವುದೋ ಕಾರಣಕ್ಕೆ ಹಾವು ನಿಮ್ಮ ಕೈಸೇರಿದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಅಧಿಕಾರಿಗೆ ತಿಳಿಸಬೇಕು.
• ಕಚ್ಚಿದರೆ ಮಂತ್ರ, ನಾಟಿ ಮದ್ದು ಅಂತ ಹೊತ್ತು ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಓಡಿ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಪ್ರತಿ ಹಾವು ಕಡಿತದ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕಿದೆ.

ಪಂಚಮಿ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಜೋಕಾಲಿ ಇರಲಿ, ಉಂಡಿ ಇರಲಿ, ಕಲ್ಲ ನಾಗಪ್ಪನ ಪೂಜೆಯೂ ಇರಲಿ. ರಾಜ್ಯದ ಹಲವೆಡೆ ಆ ದಿನದ ಹಾಲನ್ನು ಶಾಲೆ ಮಕ್ಕಳಿಗೆ ಕುಡಿಸುವ ರೂಢಿ ಬೆಳೆಯುತ್ತಿದೆ. ಜೀವಂತ ನಾಗಪ್ಪನಿಗೆ ಬೇಕಾದ್ದು ಹಾಲಲ್ಲ, ಅವನ ಹೊಲ.