ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುವ ಮೊದಲು

ಮಳೆಗಾಲ ಹಿಡಿದರೆ ಮಲೆನಾಡಿನ ನನ್ನ ಕ್ಲಿನಿಕ್ಕಿಗೆ ಜ್ವರದ ಮಕ್ಕಳಿಗಿಂತ ಮೊದಲು ಅವರ ರಿಪೋರ್ಟು ಬರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ. ಕೆಳಗೆ ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಕಮ್ಮಿಯಾಗಿದೆ, ಡೆಂಗಿನಾ ಮೇಡಂ?’ ಪ್ಲೇಟ್‌ಲೆಟ್ ಇಳಿದರೆ ಡೆಂಗಿ, ಡೆಂಗಿಯಾದರೆ ಪಪ್ಪಾಯಿ ಎಲೆಯ ರಸ. ಊರಿಗೆಲ್ಲ ಬಾಯಿಪಾಠವಾಗಿರುವ ಈ ಲೆಕ್ಕವನ್ನು ಕೋವಿಡ್ ಎಂದೋ ಕೆಡಿಸಿದೆ. ನಾವು, ಅಂದರೆ ಡಾಕ್ಟರುಗಳೂ ಸೇರಿ, ಅದನ್ನಿನ್ನೂ ತಿದ್ದಿಕೊಂಡಿಲ್ಲ ಎಂಬುದು ನನ್ನ ತಕರಾರು.

2021ರಲ್ಲಿ ಎರಡನೇ ಅಲೆ ಇಳಿದ ಮೇಲೆ ಅಜ್ಜಿಯೊಬ್ಬರು ಒಂಬತ್ತು ವರ್ಷದ ಮೊಮ್ಮಗನನ್ನು ಕರೆತಂದರು. ಬಿಡದ ಜ್ವರ, ಕೆಂಪೇರಿದ ಕಣ್ಣು, ಬಿರಿದ ತುಟಿ, ಮೈತುಂಬ ದದ್ದು. ಹೊಟ್ಟೆನೋವಿಗೆ ಹುಡುಗ ಮುದುಡಿ ಮಲಗಿದ್ದ; ಅಪೆಂಡಿಕ್ಸ್ ಇರಬಹುದೆಂದು ಸ್ಕ್ಯಾನಿಂಗೂ ಆಗಿತ್ತು. ಪ್ಲೇಟ್‌ಲೆಟ್ 95 ಸಾವಿರ, ಡೆಂಗಿ ಪರೀಕ್ಷೆ ನೆಗೆಟಿವ್. ಮನೆಯಲ್ಲಿ ಯಾರಿಗಾದರೂ ಕೋವಿಡ್ ಬಂದಿತ್ತಾ ಎಂದು ಕೇಳಿದೆ. ‘ಹೋದ ತಿಂಗಳು ನಂಗೇ ಬಂದಿತ್ತಲ್ಲ ಡಾಕ್ಟ್ರಮ್ಮ. ಇವನಿಗೆ ಒಂದಿನ ಮೈ ಬೆಚ್ಚಗಾಗಿತ್ತು, ಅಷ್ಟೇ.’

ಆ ‘ಅಷ್ಟೇ’ಯೇ ಸುಳಿವು. ಎಂಐಎಸ್-ಸಿ ಎಂಬ ಈ ಕಾಯಿಲೆ ಕಾಣಿಸಿಕೊಳ್ಳುವುದು ಕೋವಿಡ್ ತಗುಲಿದ 2ರಿಂದ 6 ವಾರಗಳ ನಂತರ. ವೈರಾಣುವಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ತಣಿಯದೆ ಮಗುವಿನ ಹೃದಯ, ಕರುಳು, ರಕ್ತನಾಳಗಳ ಮೇಲೆಯೇ ತಿರುಗಿ ಬೀಳುತ್ತದೆ. ರಕ್ತನಾಳದ ಒಳಪದರ ಊದಿಕೊಂಡಲ್ಲಿ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಆ ಕೆಲಸಕ್ಕೆ ಪ್ಲೇಟ್‌ಲೆಟ್ ಖರ್ಚಾಗಿ, ಅದೇ ಮಗುವಿಗೆ ರಕ್ತಸ್ರಾವವೂ ಆಗಬಹುದು.

ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಅಮೆರಿಕದ 7 ಆಸ್ಪತ್ರೆಗಳಲ್ಲಿ 853 ದಾಖಲಾತಿಗಳನ್ನು ಪರಿಶೀಲಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೋವಿಡ್ ಲಕ್ಷಣವಿದ್ದವರಲ್ಲಿ ಶೇ 2.1ರಷ್ಟು ಮಕ್ಕಳಿಗೆ, ಎಂಐಎಸ್-ಸಿ ಆದವರಲ್ಲಿ ಶೇ 6.5ರಷ್ಟು ಮಕ್ಕಳಿಗೆ ರಕ್ತ ಹೆಪ್ಪುಗಟ್ಟಿತ್ತು. 12 ವರ್ಷ ದಾಟಿದವರು, ಕ್ಯಾನ್ಸರ್ ಇದ್ದವರು, ದೊಡ್ಡ ರಕ್ತನಾಳಕ್ಕೆ ಲೈನ್ ಹಾಕಿಸಿಕೊಂಡವರು ಹೆಚ್ಚು ಅಪಾಯದಲ್ಲಿದ್ದರು. ಒಮಿಕ್ರಾನ್ ಬಂದ ಮೇಲಂತೂ ಎಂಐಎಸ್-ಸಿ ಅಪರೂಪವಾಗಿದೆ. ಅಪರೂಪವಾಗಿದ್ದರಿಂದಲೇ ನನಗೆ ಹೆದರಿಕೆ. ಯಾರೂ ಅದನ್ನು ನೆನೆಸಿಕೊಳ್ಳುವುದಿಲ್ಲ.

ಪೇಚಿರುವುದು ಒಂದು ಸಣ್ಣ ಮಾತ್ರೆಯಲ್ಲಿ. ಡೆಂಗಿ ಜ್ವರಕ್ಕೆ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವ ಜೋರಾದೀತು, ಪ್ಯಾರಸಿಟಮಾಲ್ ಒಂದೇ ಗತಿ. ಎಂಐಎಸ್-ಸಿಗೆ ಅದೇ ಆಸ್ಪಿರಿನ್ ಕಡಿಮೆ ಪ್ರಮಾಣದಲ್ಲಿ, ಮಗುವಿನ ತೂಕದ ಕಿಲೋಗೆ 3ರಿಂದ 5 ಮಿಲಿಗ್ರಾಂ ಲೆಕ್ಕದಲ್ಲಿ, ಬೇಕಾಗುತ್ತದೆ. ಅದೂ ರಕ್ತಸ್ರಾವವಿಲ್ಲದೆ, ಪ್ಲೇಟ್‌ಲೆಟ್ 80 ಸಾವಿರಕ್ಕಿಂತ ಮೇಲಿದ್ದರೆ. ಆ ಹುಡುಗನಿಗೆ ಜಿಲ್ಲಾ ಕೇಂದ್ರದಲ್ಲಿ ಎಕೋ ಮಾಡಿ, ಹೃದಯದ ರಕ್ತನಾಳ ಹಿಗ್ಗಿದ್ದು ಕಂಡ ಮೇಲೇ ಶುರು ಮಾಡಿದ್ದು. ಆದರೆ 75 ಮಿಲಿಗ್ರಾಂನ ಆ ಮಾತ್ರೆ ಅಜ್ಜನ ದಿಂಬಿನ ಪಕ್ಕದ ಡಬ್ಬಿಯಲ್ಲೇ ಇರುತ್ತದೆ. ‘ರಕ್ತ ತೆಳುವಾಗಲಿ’ ಎಂದು ಜ್ವರದ ಮಗುವಿಗೆ ಅರ್ಧ ಮುರಿದು ಕೊಟ್ಟವರನ್ನು ನಾನು ನೋಡಿದ್ದೇನೆ.

ಇನ್ನು ಡಿ-ಡೈಮರ್. ಹೆಪ್ಪು ಕರಗುವಾಗ ಉಳಿಯುವ ಚೂರುಗಳ ಅಳತೆ ಇದು. ಯಾವ ಸೋಂಕಿನಲ್ಲೂ ಏರುತ್ತದೆ, ಡೆಂಗಿಯಲ್ಲೂ. ಸಾಲದ್ದಕ್ಕೆ ಲ್ಯಾಬ್‌ಗಳು ಎಫ್‌ಇಯು, ಡಿಡಿಯು ಎಂಬ ಎರಡು ಮಾನಗಳಲ್ಲಿ ಬರೆಯುತ್ತವೆ. ಮೊದಲನೆಯದರ ಸಂಖ್ಯೆ ಎರಡನೆಯದರ ಸುಮಾರು ಎರಡು ಪಟ್ಟು. ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 400 ಇದ್ದದ್ದು ಸಂಜೆ ಮತ್ತೊಂದರಲ್ಲಿ 800 ಆದರೆ ಅಪ್ಪ ಅಮ್ಮ ಕಂಗಾಲಾಗದೆ ಇನ್ನೇನು? ಮಗುವಿನಲ್ಲಿ ಏನೂ ಬದಲಾಗಿರುವುದಿಲ್ಲ.

ಆರೋಗ್ಯ ಇಲಾಖೆ ಇದಕ್ಕೊಂದು ಮಾನ ಗೊತ್ತುಮಾಡಲಿ. ಖರ್ಚೇ ಇಲ್ಲದ ಇನ್ನೊಂದು ಕೆಲಸವೂ ಇದೆ: ಪ್ರಾಥಮಿಕ ಆರೋಗ್ಯ ಕೇಂದ್ರದ ಜ್ವರದ ಚೀಟಿಯಲ್ಲಿ ‘ಕಳೆದ ಒಂದೂವರೆ ತಿಂಗಳಲ್ಲಿ ಮನೆಯಲ್ಲಿ ಯಾರಿಗಾದರೂ ಕೋವಿಡ್ ಅಥವಾ ಶೀತಜ್ವರ?’ ಎಂಬ ಒಂದು ಸಾಲು. ಈಗ ಯಾರೂ ಕೋವಿಡ್ ಪರೀಕ್ಷೆ ಮಾಡಿಸುವುದಿಲ್ಲವಾದ್ದರಿಂದ ಶೀತಜ್ವರವನ್ನೂ ಸೇರಿಸಿಯೇ ಕೇಳಬೇಕು.