ಗೇಣುದ್ದದ ಕಾರು ಕಲಿಸುವ ವಿದ್ಯೆ

ಹವ್ಯಾಸವೆಂಬುದು ಬಿಡುವಿನ ವೇಳೆಯನ್ನು ಕಳೆಯುವ ಒಂದು ಉಪಾಯವೆಂದೇ ನಮ್ಮಲ್ಲಿ ಬಹುಮಂದಿ ಭಾವಿಸಿದ್ದಾರೆ. ಅಂಚೆಚೀಟಿ ಸಂಗ್ರಹ, ನಾಣ್ಯ ಸಂಗ್ರಹ, ತೋಟಗಾರಿಕೆ ಮೊದಲಾದವುಗಳಿಗೆ ನಮ್ಮ ಶಾಲೆಗಳಲ್ಲಿ ಅಷ್ಟಿಷ್ಟಾದರೂ ಮನ್ನಣೆ ಉಂಟು. ಆದರೆ ಹೈಸ್ಕೂಲಿನ ಮೆಟ್ಟಿಲೇರಿದ ಹುಡುಗನೊಬ್ಬನು ಗೇಣುದ್ದದ ಕಾರೊಂದನ್ನು ಬಿಡಿಭಾಗಗಳಿಂದ ಜೋಡಿಸುತ್ತ, ಉಜ್ಜುತ್ತ, ಬಣ್ಣ ಬಳಿಯುತ್ತ ಕುಳಿತನೆಂದರೆ, “ಇಷ್ಟು ದೊಡ್ಡವನಾದರೂ ಇನ್ನೂ ಆಟಿಕೆಯ ಹುಚ್ಚೆ?” ಎಂದು ಹಂಗಿಸುವವರೇ ಹೆಚ್ಚು. ಹುಡುಗಿಯೊಬ್ಬಳು ಅದೇ ಕೆಲಸಕ್ಕೆ ಕೈಹಾಕಿದರಂತೂ ಹಂಗಿಸುವವರ ಸಂಖ್ಯೆ ಇಮ್ಮಡಿಯಾದೀತು. ಮಾದರಿ ಕಾರುಗಳ ನಿರ್ಮಾಣವು ಅಳತೆ, ತಾಳ್ಮೆ, ವಿವೇಚನೆ ಈ ಮೂರನ್ನೂ ಒಟ್ಟಿಗೆ ಕಲಿಸಬಲ್ಲ ಒಂದು ವಿದ್ಯೆಯೆಂದೂ, ಅದಕ್ಕೆ ಶಾಲೆಯ ಆವರಣದಲ್ಲಿ ಒಂದು ಮೇಜಿನಷ್ಟಾದರೂ ಸ್ಥಳ ದೊರೆಯಬೇಕೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ಮೊದಲು ಆಟಿಕೆಗೂ ಮಾದರಿಗೂ ಇರುವ ಅಂತರವನ್ನು ಗುರುತಿಸಬೇಕು. ಆಟಿಕೆಯು ಕಾರಿನಂತೆ ಕಂಡರೆ ಸಾಕು. ಮಾದರಿಯಾದರೋ ಕಾರಿನ ಪ್ರತಿಯೊಂದು ಅಳತೆಯನ್ನೂ ಒಂದೇ ಅನುಪಾತದಲ್ಲಿ ಕುಗ್ಗಿಸಿ ತೋರಿಸಬೇಕು. ಒಂದು ಅಡಿಗೆ ಒಂದು ಅಂಗುಲವೆಂದು ಹಿಡಿದರೆ ೧:೧೨ ಅನುಪಾತ; ಅಡಿಗೆ ಅರ್ಧ ಅಂಗುಲವೆಂದರೆ ೧:೨೪. ಬ್ರಿಟನ್ನಿನಲ್ಲಿ ಮಾದರಿ ರೈಲುಗಳನ್ನು ಮಾಡುತ್ತಿದ್ದವರು ಅಡಿಗೆ ೭ ಮಿಲಿಮೀಟರಿನ ಲೆಕ್ಕ ಹಿಡಿದುದರಿಂದ ೧:೪೩ ಎಂಬ ವಿಚಿತ್ರ ಅನುಪಾತವು ಹುಟ್ಟಿ, ಇಂದಿಗೂ ಮಾದರಿ ಕಾರುಗಳ ಲೋಕದಲ್ಲಿ ಚಲಾವಣೆಯಲ್ಲಿದೆ.

ನಮ್ಮೆಲ್ಲರಿಗೂ ಪರಿಚಿತವಾಗಿದ್ದು, ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ ೨೪೬೪ ಮಿಲಿಮೀಟರು. ೧:೨೪ರ ಮಾದರಿಯಲ್ಲಿ ಇದು ೧೦೨.೭ ಮಿಲಿಮೀಟರು ಆಗಬೇಕು. ಇಲ್ಲಿಯವರೆಗೆ ಲೆಕ್ಕವು ಸುಲಭ. ಆದರೆ ಉದ್ದವು ೨೪ ಪಾಲು ಕುಗ್ಗಿದಾಗ ಮೇಲ್ಮೈಯು ೫೭೬ ಪಾಲು, ಘನಗಾತ್ರವು ೧೩,೮೨೪ ಪಾಲು ಕುಗ್ಗುತ್ತದೆ. ೧೧೦೦ ಕಿಲೋಗ್ರಾಂ ತೂಗುವ ಒಂದು ಕಾರನ್ನು ಅದೇ ಲೋಹಗಳಿಂದ, ಅದೇ ಅನುಪಾತದಲ್ಲಿ ಕಟ್ಟಿದರೆ, ಅದು ಕೇವಲ ೮೦ ಗ್ರಾಂ ತೂಗೀತು. ವರ್ಗ ಮತ್ತು ಘನಗಳ ಪಾಠವನ್ನು ಕರಿಹಲಗೆಯ ಮೇಲೆ ಹತ್ತು ಸಲ ಬರೆಸಿದರೂ ನಾಟದ ಮಾತು, ಅಂಗೈಯಲ್ಲಿ ಇಂಥದೊಂದು ವಸ್ತುವನ್ನು ಹಿಡಿದು ಲೆಕ್ಕ ಮಾಡಿದಾಗ ಒಂದೇ ಸಲಕ್ಕೆ ನಾಟುತ್ತದೆ.

ಅನುಪಾತವನ್ನು ಕಟ್ಟುನಿಟ್ಟಾಗಿ ಪಾಲಿಸಹೊರಟವನಿಗೆ ಬೇರೊಂದು ತೊಡಕು ಎದುರಾಗುತ್ತದೆ. ಮಾದರಿಯ ಪ್ಲಾಸ್ಟಿಕ್ ಹೊದಿಕೆ ಒಂದು ಮಿಲಿಮೀಟರು ದಪ್ಪವಿದ್ದರೆ, ಅದು ನಿಜವಾದ ಕಾರಿನಲ್ಲಿ ೨೪ ಮಿಲಿಮೀಟರು ದಪ್ಪದ ತಗಡಿಗೆ ಸಮ. ಅಂಥ ತಗಡಿನ ಕಾರು ಯುದ್ಧರಂಗಕ್ಕೆ ತಕ್ಕುದೇ ಹೊರತು ರಸ್ತೆಗಲ್ಲ! ಆದುದರಿಂದ ಕುಶಲಿಯಾದವನು ಹೊದಿಕೆಯ ಅಂಚುಗಳನ್ನು ಮಾತ್ರ ಒಳಗಿನಿಂದ ಹೆರೆದು ತೆಳುವಾಗಿಸುತ್ತಾನೆ. ನೋಡುವ ಕಣ್ಣು ಅಂಚಿನ ದಪ್ಪವನ್ನು ಕಂಡೇ ಇಡಿಯ ತಗಡಿನ ದಪ್ಪವನ್ನು ಊಹಿಸುತ್ತದೆ. ಬಣ್ಣದ ವಿಷಯವೂ ಹೀಗೆಯೇ. ನಿಜವಾದ ಕಾರಿನ ಬಾಗಿಲ ಸಂದು ನಾಲ್ಕೈದು ಮಿಲಿಮೀಟರು ಅಗಲವಿದ್ದರೆ, ಮಾದರಿಯಲ್ಲಿ ಅದು ಮಿಲಿಮೀಟರಿನ ಐದನೆಯ ಒಂದು ಪಾಲು ಮಾತ್ರ. ಅವಸರದಿಂದ ದಪ್ಪವಾಗಿ ಬಣ್ಣ ಬಳಿದರೆ ಸಂದುಗಳೆಲ್ಲ ತುಂಬಿ, ಕಾರು ಬೆಲ್ಲದಚ್ಚಿನಂತೆ ಕಾಣುತ್ತದೆ. ತೆಳುವಾಗಿ ಒಂದು ಲೇಪ, ಅದು ಒಣಗುವವರೆಗೆ ಕಾಯುವುದು, ನಯವಾದ ಉಪ್ಪುಕಾಗದದಿಂದ ನೀರು ಹಚ್ಚಿ ಉಜ್ಜುವುದು, ಮತ್ತೊಂದು ಲೇಪ. ಇಲ್ಲಿ ಅವಸರಕ್ಕೆ ಶಿಕ್ಷೆಯು ತಕ್ಷಣವೇ ದೊರೆಯುತ್ತದೆ. ಶಿಕ್ಷಿಸಲು ಗುರುಗಳ ಬೆತ್ತ ಬೇಕಾಗುವುದಿಲ್ಲ.

ಈ ಹವ್ಯಾಸಕ್ಕೆ ವಿದ್ಯಾಭ್ಯಾಸದ ಗೌರವವನ್ನು ತಂದುಕೊಟ್ಟ ಒಂದು ಪ್ರಯತ್ನವು ಅಮೆರಿಕದಲ್ಲಿ ನಡೆಯಿತು. ಜನರಲ್ ಮೋಟರ್ಸ್ ಸಂಸ್ಥೆಯ ಫಿಶರ್ ಬಾಡಿ ವಿಭಾಗವು ೧೯೩೦ರಲ್ಲಿ ‘ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್’ ಎಂಬ ಬಾಲಕರ ಕುಶಲಕರ್ಮಿ ಸಂಘವೊಂದನ್ನು ಹುಟ್ಟುಹಾಕಿತು. ಆರಂಭದಲ್ಲಿ ಸ್ಪರ್ಧಿಗಳು ನೆಪೋಲಿಯನ್ನನ ಕಾಲದ ಅಲಂಕೃತ ಕುದುರೆ ಸಾರೋಟಿನ ಮಾದರಿಯನ್ನು ಕೊಟ್ಟ ನಕ್ಷೆಯಂತೆಯೇ ಮಾಡಬೇಕಾಗಿತ್ತು. ಚಕ್ರದ ಅರಗಳು, ಬಾಗಿಲ ಚಿಲಕ, ಒಳಗಣ ಹೊಲಿಗೆ, ಎಲ್ಲವೂ ಅವರ ಕೈಯಿಂದಲೇ ಆಗಬೇಕು. ೧೯೩೭ರಿಂದ ಸ್ವಂತ ಕಲ್ಪನೆಯ ಮೋಟಾರು ಕಾರುಗಳ ಮಾದರಿಗಳಿಗೂ ಸ್ಪರ್ಧೆ ಏರ್ಪಟ್ಟಿತು. ಗೆದ್ದವರಿಗೆ ವಿಶ್ವವಿದ್ಯಾಲಯದ ವ್ಯಾಸಂಗಕ್ಕಾಗಿ ವಿದ್ಯಾರ್ಥಿವೇತನಗಳು ದೊರೆಯುತ್ತಿದ್ದವು. ಮಹಾಯುದ್ಧದ ವರ್ಷಗಳಲ್ಲಿ ತಡೆಯುಂಟಾದರೂ ೧೯೬೮ರವರೆಗೆ ಸಂಘವು ನಡೆಯಿತು. ೧೯೪೭ರ ಸ್ಪರ್ಧೆಯಲ್ಲಿ ಗೆದ್ದ ಚಕ್ ಜೋರ್ಡನ್ ಎಂಬ ತರುಣನು ಮುಂದೆ ಅದೇ ಜನರಲ್ ಮೋಟರ್ಸ್ ಸಂಸ್ಥೆಯನ್ನು ಸೇರಿ, ೧೯೮೬ರಿಂದ ೧೯೯೨ರವರೆಗೆ ಅದರ ವಿನ್ಯಾಸ ವಿಭಾಗದ ಉಪಾಧ್ಯಕ್ಷನಾಗಿದ್ದನು.

ಈ ಪ್ರಯತ್ನವನ್ನು ಹೊಗಳುವಾಗ ಅದರ ಕೊರತೆಗಳನ್ನು ಮರೆಮಾಚುವುದು ಸಲ್ಲದು. ಅದು ಬಹುಮಟ್ಟಿಗೆ ಸಂಸ್ಥೆಯ ಜಾಹೀರಾತೇ ಆಗಿತ್ತು. ಕಾರು ಕೊಳ್ಳುವ ಕುಟುಂಬಗಳ ಮನಸ್ಸನ್ನು ಮಕ್ಕಳ ಮೂಲಕ ಗೆಲ್ಲುವ ಹವಣಿಕೆ ಅದರಲ್ಲಿತ್ತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಹುಡುಗಿಯರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಕೈಯ ಕುಶಲತೆಗೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬುದನ್ನು ಕಸೂತಿಯ ನೂಲೆಣಿಸುವ ನಮ್ಮ ನಾಡಿನ ಹೆಣ್ಣುಮಕ್ಕಳು ತಲೆಮಾರುಗಳಿಂದ ತೋರಿಸಿದ್ದಾರೆ. ಎಳೆ ಎಣಿಸಿ ಹೊಲಿಯಬಲ್ಲ ಕೈಗೆ ಮಿಲಿಮೀಟರಿನ ಐದನೆಯ ಪಾಲು ಎಷ್ಟರದು? ಆದರೂ ಆ ಸಂಘದ ಮೂಲತತ್ತ್ವವು ಗ್ರಾಹ್ಯವಾದುದು: ಕೈಯಿಂದ ಮಾಡಿದ ಕೆಲಸವನ್ನು ಬುದ್ಧಿಯ ಕೆಲಸವೆಂದೇ ಪರಿಗಣಿಸಿ, ಅದಕ್ಕೆ ವಿದ್ಯೆಯ ಬಾಗಿಲನ್ನು ತೆರೆದುದು.

ಇನ್ನು ಮಾರ್ಪಾಡಿನ ವಿಚಾರ. ೧೯೫೮ರಲ್ಲಿ ಅಮೆರಿಕದ ಎ.ಎಂ.ಟಿ. ಎಂಬ ಸಂಸ್ಥೆಯು ೧:೨೫ ಅನುಪಾತದ ಪ್ಲಾಸ್ಟಿಕ್ ಕಾರುಗಳ ಬಿಡಿಭಾಗಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ಅದೇ ಭಾಗಗಳಿಂದ ಕಾರ್ಖಾನೆಯಿಂದ ಹೊರಬಿದ್ದಂತಹ ಕಾರನ್ನಾಗಲಿ, ಮಾರ್ಪಡಿಸಿದ ಕಾರನ್ನಾಗಲಿ, ಪಂದ್ಯದ ಕಾರನ್ನಾಗಲಿ ಕಟ್ಟಬಹುದಾಗಿತ್ತು. ಅಂದಿನಿಂದ ಕೊಟ್ಟದ್ದನ್ನು ಕೊಟ್ಟಂತೆ ಜೋಡಿಸದೆ ತನ್ನದೊಂದು ಕಾರನ್ನು ಕಲ್ಪಿಸುವ ರೂಢಿಯು ಬಲವಾಗಿ ಬೇರೂರಿತು. ಇದನ್ನು ಕಂಡು, ಮೂಲವನ್ನು ಕೆಡಿಸುವುದೂ ಒಂದು ಕಲೆಯೇ ಎಂದು ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಮೂಲವನ್ನು ಯಥಾವತ್ತಾಗಿ ಕಟ್ಟಲು ಬಲ್ಲವನು ಮಾಡುವ ಮಾರ್ಪಾಡು ಕಲೆ. ಬಾರದವನು ಮಾಡುವುದು ಬರಿಯ ಚೇಷ್ಟೆ.

ಕಾರಿನ ಛಾವಣಿಯನ್ನು ತಗ್ಗಿಸುವ ಕೆಲಸವು ಇದಕ್ಕೆ ನಿದರ್ಶನ. ನಿಜವಾದ ಕಾರಿನಲ್ಲಿ ಮೂರು ಅಂಗುಲ ತಗ್ಗಿಸಿದ ನೋಟ ಬೇಕಾದರೆ ೧:೨೪ರ ಮಾದರಿಯ ಕಂಬಗಳಿಂದ ೩.೨ ಮಿಲಿಮೀಟರು ಎತ್ತರದ ತುಂಡನ್ನು ಕತ್ತರಿಸಬೇಕು. ಹಾಗೆ ಕತ್ತರಿಸಿ ಛಾವಣಿಯನ್ನು ಕೆಳಗಿಳಿಸಿದೊಡನೆ ಮೇಲಿನ ತುಂಡೂ ಕೆಳಗಿನ ತುಂಡೂ ಒಂದಕ್ಕೊಂದು ಕೂಡುವುದಿಲ್ಲ. ಏಕೆಂದರೆ ಮುಂದಿನ ಕಂಬವು ಹಿಂದಕ್ಕೂ ಹಿಂದಿನ ಕಂಬವು ಮುಂದಕ್ಕೂ ವಾಲಿರುತ್ತವೆ. ಕಂಬವು ಲಂಬದಿಂದ ೩೦ ಡಿಗ್ರಿ ವಾಲಿದ್ದರೆ ಒಂದೊಂದು ತುದಿಯಲ್ಲಿ ಸುಮಾರು ೧.೮ ಮಿಲಿಮೀಟರು, ಎರಡೂ ಕಡೆ ಸೇರಿ ಮೂರೂವರೆ ಮಿಲಿಮೀಟರಿಗೂ ಮಿಕ್ಕಿ ಅಂತರ ಬೀಳುತ್ತದೆ. ಆಗ ಛಾವಣಿಯನ್ನು ನಡುವೆ ಅಡ್ಡಲಾಗಿ ಸೀಳಿ ಅಷ್ಟೇ ಅಗಲದ ಪಟ್ಟಿಯೊಂದನ್ನು ಸೇರಿಸಬೇಕು, ಇಲ್ಲವೆ ಕಂಬಗಳನ್ನು ಇನ್ನಷ್ಟು ವಾಲಿಸಬೇಕು. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ಪರೀಕ್ಷೆ ಮುಗಿದ ಮರುದಿನವೇ ಮರೆಯುವ ವಿದ್ಯಾರ್ಥಿಯು ಇಲ್ಲಿ ಅದನ್ನು ತಾನಾಗಿಯೇ ಹುಡುಕಿಕೊಂಡು ಬರುತ್ತಾನೆ. ಅಂಟಿನಲ್ಲಿಯೂ ಪಾಠವುಂಟು: ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಅಂಟು ಎರಡು ಮೈಗಳ ನಡುವೆ ಮೆತ್ತಿಕೊಳ್ಳುವುದಿಲ್ಲ, ಅದು ಎರಡೂ ಮೈಗಳನ್ನು ತುಸು ಕರಗಿಸಿ ಒಂದಾಗಿಸಿ, ತಾನು ಆವಿಯಾಗಿ ಹೋಗುತ್ತದೆ.

ಯಥಾವತ್ತಾದ ಅಳತೆಗಾಗಿ ಎಷ್ಟು ಶ್ರಮ ಪಡಬೇಕೆಂಬುದಕ್ಕೆ ಜಪಾನಿನ ಶಿಜುವೊಕ ನಗರದ ತಮಿಯಾ ಸಂಸ್ಥೆಯ ನಡತೆಯು ಸಾಕ್ಷಿ. ೧೯೪೬ರಲ್ಲಿ ಮರದ ವ್ಯಾಪಾರದಿಂದ ಆರಂಭಗೊಂಡ ಈ ಸಂಸ್ಥೆಯು ಮೊದಲು ಮರದ ಮಾದರಿಗಳನ್ನೂ ಅನಂತರ ಪ್ಲಾಸ್ಟಿಕ್ ಮಾದರಿಗಳನ್ನೂ ತಯಾರಿಸಿತು. ೧೯೭೬ರಲ್ಲಿ ಹೊರಬಂದ ಪೋರ್ಷೆ ೯೩೪ ಕಾರಿನ ೧:೧೨ ಮಾದರಿಗಾಗಿ ಶುನ್‌ಸಾಕು ತಮಿಯಾ ಅವರು ನಿಜವಾದ ಪೋರ್ಷೆ ೯೧೧ ಕಾರೊಂದನ್ನೇ ಕೊಂಡು, ಅದನ್ನು ಬಿಚ್ಚಿ ಅಳತೆಗಳನ್ನು ತೆಗೆಸಿದರು. ಊಹೆಯನ್ನು ನೆಚ್ಚದೆ ವಸ್ತುವಿನ ಬಳಿಗೇ ಹೋಗಿ ಕೇಳುವ ಈ ಗುಣವು ವಿಜ್ಞಾನದ ಮೊದಲ ಪಾಠವಲ್ಲದೆ ಮತ್ತೇನು?

ಈ ಹವ್ಯಾಸಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಮೊದಲನೆಯದು ಖರ್ಚು. ಹೊರದೇಶದಿಂದ ಬರುವ ಒಳ್ಳೆಯ ಮಾದರಿಯೊಂದಕ್ಕೆ ಸಾವಿರಾರು ರೂಪಾಯಿ ತೆರಬೇಕು. ಬಣ್ಣ, ಸಲಕರಣೆಗಳ ವೆಚ್ಚ ಬೇರೆ. ರೈತಾಪಿ ಮನೆಗಳ ಮಕ್ಕಳಿಗೆ ಇದು ನಿಲುಕುವ ಮಾತಲ್ಲ. ಎರಡನೆಯದು ಆರೋಗ್ಯ. ಪ್ಲಾಸ್ಟಿಕ್ಕಿನ ಅಂಟು ಮತ್ತು ಬಣ್ಣದ ತಿನ್ನರುಗಳ ಆವಿಯು ಮುಚ್ಚಿದ ಕೋಣೆಯಲ್ಲಿ ಅಪಾಯಕಾರಿ. ಉಜ್ಜುವಾಗ ಏಳುವ ಧೂಳೂ ಶ್ವಾಸಕೋಶಕ್ಕೆ ಹಿತವಲ್ಲ. ಮೂರನೆಯದು, ಕಟ್ಟುವ ಹವ್ಯಾಸವು ಕೊಳ್ಳುವ ಚಪಲವಾಗಿ ಪರಿಣಮಿಸಿ, ಬಿಚ್ಚದ ಪೆಟ್ಟಿಗೆಗಳು ಕಪಾಟಿನಲ್ಲಿ ಒಟ್ಟಾಗುವ ಸಂಭವ. ಈ ಮೂರೂ ನಿಜವಾದ ಆಕ್ಷೇಪಣೆಗಳೇ. ಆದರೆ ಇವು ಪೆಟ್ಟಿಗೆಯಲ್ಲಿ ಬರುವ ಸಿದ್ಧ ಸಾಮಗ್ರಿಯ ದೋಷಗಳೇ ಹೊರತು ವಿದ್ಯೆಯ ದೋಷಗಳಲ್ಲ. ಮೇಲೆ ಹೇಳಿದ ಬಾಲಕರ ಸಂಘದ ಸ್ಪರ್ಧಿಗಳು ಮರ, ಜೇಡಿಮಣ್ಣು, ಗಾರೆಗಳಿಂದಲೇ ತಮ್ಮ ಕಾರುಗಳನ್ನು ರೂಪಿಸುತ್ತಿದ್ದರೆಂಬುದನ್ನು ನೆನೆಯಬೇಕು. ಇಂದಿಗೂ ಗಣಕಯಂತ್ರಗಳ ಈ ಕಾಲದಲ್ಲಿ, ದೊಡ್ಡ ಮೋಟಾರು ಸಂಸ್ಥೆಗಳ ವಿನ್ಯಾಸ ಶಾಲೆಗಳಲ್ಲಿ ಮೇಣ ಬೆರೆಸಿದ ಮಣ್ಣಿನಿಂದ ಕಾರಿನ ಆಕಾರವನ್ನು ಕೈಯಿಂದ ತಿದ್ದುವ ಪದ್ಧತಿ ಅಳಿದಿಲ್ಲ.

ಮಣ್ಣಿನ ಎತ್ತುಗಳನ್ನು ಮಾಡಿ ಮಣ್ಣೆತ್ತಿನ ಅಮಾವಾಸ್ಯೆಯಂದು ಪೂಜಿಸುವ, ಜೋಳದ ದಂಟಿನ ಬೆಂಡಿನಿಂದ ಚಕ್ಕಡಿ ಕಟ್ಟಿ ಓಡಿಸುವ ಉತ್ತರ ಕರ್ನಾಟಕದ ಮಕ್ಕಳಿಗೆ ಮಾದರಿ ನಿರ್ಮಾಣವು ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ಅವರಲ್ಲಿ ಕೈ ಇದೆ, ಕಣ್ಣಿದೆ, ಸೇರಬೇಕಾದದ್ದು ಅಳತೆಯೊಂದೇ. ಬರಿಯ ಚಾಸಿಯ ಮೇಲೆ ಲಾರಿಯ ಬಾಡಿಯನ್ನು ಕಟ್ಟಿ ನಿಲ್ಲಿಸುವ ನಮ್ಮ ಊರುಗಳ ಬಡಗಿಗಳೂ ಕಮ್ಮಾರರೂ ಮಾರ್ಪಾಡಿನ ಕಲೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಶಾಲೆಯ ಅಂಗಳಕ್ಕೆ ಒಂದು ಟ್ರ್ಯಾಕ್ಟರನ್ನು ತರಿಸಿ, ಮಕ್ಕಳು ಟೇಪು ಹಿಡಿದು ಅದರ ಅಳತೆಗಳನ್ನು ಬರೆದುಕೊಂಡು, ೨೪ರಿಂದ ಭಾಗಿಸಿ, ಗ್ರಾಫ್ ಕಾಗದದ ಮೇಲೆ ನಕ್ಷೆ ತೆಗೆದು, ರಟ್ಟು ಮತ್ತು ಮರದ ಚೂರುಗಳಿಂದ ಅದನ್ನು ಕಟ್ಟಲಿ. ಹಾಲಿನಂತಹ ಬಿಳಿಯ ಮರಗೋಂದು, ನೀರಿನಲ್ಲಿ ಕದಡುವ ಬಣ್ಣ ಇವುಗಳಿಂದ ಆವಿಯ ಭಯವೂ ಇಲ್ಲ, ಹೆಚ್ಚಿನ ಖರ್ಚೂ ಇಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಪುಸ್ತಕದ ಚೀಲವಿಲ್ಲದೆ ಹತ್ತು ದಿನಗಳ ಕಾಲ ಕುಶಲಕರ್ಮಿಗಳ ಬಳಿ ಕೆಲಸ ಕಲಿಯಬೇಕೆಂದು ಸೂಚಿಸಿದೆ. ಆ ಹತ್ತು ದಿನಗಳಿಗೆ ಇದಕ್ಕಿಂತ ತಕ್ಕ ಕಾರ್ಯಕ್ರಮವಿದೆಯೇ?

ಇದರಲ್ಲಿ ಪಣಕ್ಕಿರುವುದು ಒಂದು ಕಾರಿನ ಅಂದಚೆಂದವಲ್ಲ. ಪ್ರತಿಯೊಂದು ತರಗತಿಯಲ್ಲಿಯೂ ಅಂಕಪಟ್ಟಿಯ ಕೊನೆಯಲ್ಲಿ ನಿಲ್ಲುವ ಕೆಲವು ಮಕ್ಕಳಿರುತ್ತಾರೆ. ಅವರ ಜಾಣ್ಮೆಯು ಬೆರಳುಗಳಲ್ಲಿರುತ್ತದೆ. ಅದನ್ನು ಕೇಳುವ ಪ್ರಶ್ನೆಪತ್ರಿಕೆಯನ್ನು ನಾವು ಇನ್ನೂ ಬರೆದಿಲ್ಲ. ಹತ್ತು ವರ್ಷ ಶಾಲೆಯಲ್ಲಿ ಕಳೆದು, ತಾನು ಯಾವುದಕ್ಕೂ ಬಾರದವನೆಂಬ ಒಂದೇ ಪಾಠವನ್ನು ಚೆನ್ನಾಗಿ ಕಲಿತು ಅಂಥ ಮಗು ಹೊರಗೆ ಹೋಗುವುದು ನಮ್ಮೆಲ್ಲರ ಸೋಲು. ಅದೇ ಮಗುವಿನ ಕೈಯಲ್ಲಿ ಅಳತೆಪಟ್ಟಿಯನ್ನಿತ್ತು, ಅದು ಕಟ್ಟಿದ ಮಾದರಿಯನ್ನು ಎಲ್ಲರ ಮುಂದೆ ಮೇಜಿನ ಮೇಲಿಟ್ಟು ನೋಡಬೇಕು, ಅಂಕಪಟ್ಟಿಯ ಮೊದಲಿಗನೂ ಅದರ ಬಳಿ ಬಂದು, “ಇದನ್ನು ಹೇಗೆ ಮಾಡಿದೆ?” ಎಂದು ಕೇಳಿಯಾನು.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ: ಮಾದರಿಯ ಹೊಳಪನ್ನು ನೋಡಿ ಬೆಲೆಕಟ್ಟದೆ, ಅದರ ಹಿಂದಿರುವ ಅಳತೆಯ ಪುಸ್ತಕವನ್ನು ನೋಡಿ ಬೆಲೆಕಟ್ಟಿರಿ, ಮೊದಲು ಯಥಾವತ್ತು, ಆಮೇಲೆ ಮಾರ್ಪಾಡು ಎಂಬ ಕ್ರಮವನ್ನು ಬಿಡಬೇಡಿರಿ. ಎಂಜಿನಿಯರುಗಳಾಗಿ, ಯಂತ್ರಶಾಲೆಗಳ ಒಡೆಯರಾಗಿ ನೆಲೆಗೊಂಡಿರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಒಂದು ಶನಿವಾರವನ್ನಾದರೂ ಮಕ್ಕಳಿಗಾಗಿ ಮೀಸಲಿಡಲಿ. ದಾನಿಗಳಾದವರು ಕಟ್ಟಡಗಳಿಗೆ ನೀಡುವ ಉದಾರ ನೆರವಿನಲ್ಲಿ ಒಂದು ಚಿಕ್ಕ ಪಾಲನ್ನು ಇತ್ತ ತಿರುಗಿಸಲಿ. ಬೇಕಾದುದು ಬಹಳವಿಲ್ಲ: ಗಾಳಿಬೆಳಕಿನ ಕಿಟಕಿಯ ಬಳಿ ಒಂದು ಗಟ್ಟಿ ಮೇಜು, ನಾಲ್ಕು ಉಕ್ಕಿನ ಅಳತೆಪಟ್ಟಿಗಳು, ಒಂದು ವರ್ನಿಯರ್ ಕ್ಯಾಲಿಪರು, ಸಣ್ಣ ಗರಗಸಗಳು, ಉಪ್ಪುಕಾಗದ, ಅರ್ಧ ಮಾಡಿದ ಕೆಲಸವನ್ನು ಮುಂದಿನ ವಾರದವರೆಗೆ ಜೋಪಾನವಾಗಿಡಲು ಬೀಗವಿರುವ ಒಂದು ಕಪಾಟು. ಆ ಮೇಜಿನ ಮೇಲೆ ವರ್ಷಕ್ಕೆ ಹತ್ತು ಮಾದರಿಗಳು ಪೂರ್ಣಗೊಂಡರೂ ಸಾಕು. ಅವುಗಳನ್ನು ಕಟ್ಟಿದ ಕೈಗಳು ಮುಂದೆ ಯಾವ ಕೆಲಸಕ್ಕೆ ತೊಡಗಿದರೂ ಅಳತೆ ತಪ್ಪುವುದಿಲ್ಲ.